ಹಸಿ ವಸ್ತ್ರ

ಮೋದಿನಸಾಬನ ಅಂಬಾಸಿಡರ್
ಏಪ್ರಿಲ್ ಮಧ್ಯಾಹ್ನ ಲೋಕಾಪುರ ದಾಟಿದ್ದ ತಡ
ಉಸಿರು ಹಿಡೀತಿತ್ತು.
ಬಾನೆಟ್ ಎತ್ತಿ, ಬಾಟ್ಲಿ ನೀರಾಗ ವಸ್ತ್ರ ಅದ್ದಿ
ಪೆಟ್ರೋಲ್ ಪಂಪಿನ ಮ್ಯಾಲೆ ಹಾಕಿ,
ಜ್ವರ ಬಂದ ಕೂಸಿನ ಹಣಿ ಮುಟ್ಟೋ ಹಂಗ
ಗಳಿಗಿಗೊಮ್ಮೆ ಮುಟ್ಟಿ ನೋಡತಿದ್ದ.
ಹಿಂದಿನ ಸೀಟಿನಾಗ ಮದುಮಗ,
ಬಾಸಿಂಗದ ಮುತ್ತು ಬೆವರಿಗೆ ಅಂಟಿದ್ದವು.
ಅಕ್ಕಿಕಾಳು ಮುಧೋಳದಾಗ, ಹನ್ನೆರಡೂ ನಲವತ್ತಕ್ಕ.
ಗಾಡಿಗೆ ಅದರ ಖಬರಿಲ್ಲ.

ಸೀದಾ ಉದ್ಯಮಬಾಗಕ್ಕ ಬಂದ. ನಾನು ಪ್ಯಾಟರ್ನ್ ಮಾಡಾಂವ.
ಕಬ್ಬಿಣ ಇರ್ಲಿ, ಅಲ್ಯೂಮಿನಿಯಂ ಇರ್ಲಿ,
ಮೊದಲು ನನ್ನ ಕಡೆ ಸಾಗವಾನಿ ಆಗಿ ಹುಟ್ಟಬೇಕು.

ಇಬ್ಬರೂ ಬಗ್ಗಿ ನೋಡಿದ್ವಿ.
ಮ್ಯಾಲೆ ಗಾಳಿ ಒಳಗ ಹೋಗೋ ಕೊಳವಿ,
ಕೆಳಗ ಹೊಗಿ ಹೊರಗ ಹೋಗೋ ಕೊಳವಿ,
ಎರಡನೂ ಬೋಲ್ಟ್ ಬಿಗದು ಮೈಗೆ ಮೈ ಹಚ್ಚಿ ಕೂಡಿಸ್ಯಾರ.
"ಇದ್ಯಾವ ಶಾಣ್ಯಾ ಮಾಡ್ಯಾನೋ?" ಅಂದ.
ಮಂಜು ಬೀಳೋ ಊರಾಗಿನ ಶಾಣ್ಯಾ, ಅಂದೆ.
ಅವನ ಊರಾಗ ಪೆಟ್ರೋಲಿಗೂ ಥಂಡಿ ಆಗತೈತಿ,
ಒಲಿ ಮಗ್ಗಲಕ ಕೂಡಿಸ್ಯಾನ ಪಾಪ.
ನಮ್ಮ ಕಡೆ ಆ ಒಲಿಗೇ ಬಿಸಲು ಬಡೀತೈತಿ.

ಬ್ಯಾರೆ ಇಡೂಣು ಅಂದೆ,
ಜಗಳ ಹತ್ತೂಕ್ಕಿಂತ ಮೊದಲ ಅಣ್ಣತಮ್ಮರು ಬ್ಯಾರೆ ಆಗೋ ಹಂಗ.

ನನ್ನ ಅಳತಿಪಟ್ಟಿ ಸುಳ್ಳ ಹೇಳತೈತಿ, ಗೊತ್ತಿರ್ಲಿ.
ಊರ ಮಂದಿಯ ಫೂಟಿಗಿಂತ ಅದರ ಫೂಟು
ಒಂದು ನೂಲಿನ ಮ್ಯಾಲೆ ತುಸು ಉದ್ದ.
ಕರಗಿದ್ದು ಆರುವಾಗ ಕುಗ್ಗತೈತಿ;
ಕುಗ್ಗೂದನ್ನ ಮೊದಲs ಕೊಟ್ಟಿರಬೇಕು.
ಮೂವತ್ತೊಂದು ವರ್ಷ ಈ ಸುಳ್ಳಿನ ಮ್ಯಾಲೆ
ಖರೆ ರೊಟ್ಟಿ ತಿಂದೇನಿ.

ಪಿರಾಜಿಯ ಫೌಂಡ್ರಿಯಾಗ ಉಸುಕಿಗೆ ಕಾಕಂಬಿ ಕಲಸಿ
ಗಾಳಿ ಹರಿಯೋ ಹಾದಿಗೆ ಕೋರ್ ಮಾಡಿದ್ವಿ.
ಸುಡುವಾಗ ಬೆಲ್ಲದ ಗಾಣದ ವಾಸನಿ.
ನಾಳೆ ಅಲ್ಲಿ ಯಾರ ಕೈಯೂ ಹೋಗೂದಿಲ್ಲ,
ಬರೇ ಗಾಳಿ ಮುಟ್ಟೂ ಜಾಗಾ;
ಅದಕ್ಕ ಅಷ್ಟು ಕಾಳಜಿ.

ಮೊದಲನೇದು ಕೆಟ್ಟಿತು.
ಹೊರಗ ಬೆಳ್ಳಿ ಹಂಗ ಹೊಳಪು, ಒಳಗೊಂದು ಸೂಜಿಗಣ್ಣು.
ಎಂಜಿನ್ ಸೀಟಿ ಹೊಡಕೋತ ಕಳ್ಳಗಾಳಿ ಕುಡೀತು.
ಪಿರಾಜಿ ಏನೂ ಅನಲಿಲ್ಲ. ತಿರುಗಿ ಭಟ್ಟಿಗೆ ಒಗದ.

ಎರಡನೇದಕ್ಕ ಒಳಗ ಕಾನಸ ತಿಕ್ಕಿದೆ
ಗ್ಯಾಸ್ಕೆಟ್ಟಿನ ತೂತು, ಹೆಡ್ಡಿನ ತೂತು
ಕಣ್ಣಾಗ ಕಣ್ಣಿಟ್ಟು ನೋಡೂ ತನಕ.
ಕಾರ್ಬೊರೇಟರ್ ಬುಡಕ ಮೂರು ನೂಲಿನ ಹೈಲಮ್ ತುಂಡು.
ಹೊಗಿ ಕೊಳವಿಗೆ ಫೈಬರ್ ಪಟ್ಟಿ, ಮುರದ ಕಾಲಿಗೆ ಸುತ್ತೋ ಹಂಗ.
ನಡುವ ಒಂದು ತಗಡು:
ಆಚೆ ಒಲಿ, ಈಚೆ ಉಸಿರು.

ಮೇ ಹದಿನಾಕಕ್ಕ ವಿಜಾಪುರದ ಬಾಡಿಗಿ ಹಿಡದು ಹೊಂಟ.
ಜಮಖಂಡಿಯಾಗ ಚಾ ಕುಡಿಯೂ ತನಕ
ಗಾಡಿ ಬಿಸಲಾಗs ನಿಲ್ಲಿಸಿ, ಆಮ್ಯಾಲೆ ಚಾವಿ ತಿರುವಿ
ನನಗ ಫೋನ್ ಹಚ್ಚಿದ.
ಮಾತಿಲ್ಲ. ಎಂಜಿನ್ನಿನ ಸಪ್ಪಳ ಕೇಳಸಿದ
ಅರ್ಧ ನಿಮಿಷ. ಇಟ್ಟುಬಿಟ್ಟ.

ಮಾತು ಇಲ್ಲಿಗೆ ಮುಗಿಸಿದ್ರ ನನಗ ಚೊಲೊ.

ಜನವರಿ ಬಂತು. ಬೆಳಗಾಂವಿ ಥಂಡಿ.
ನಸುಕಿನ್ಯಾಗ ಅವನ ಗಾಡಿ ಕೆಮ್ಮತೈತಿ, ಏಳೂದಿಲ್ಲ.
ಒಲಿ ದೂರ ಮಾಡಿದವರು ನಾವ.
ಮಂಜಿನ ಊರಿನ ಆ ಶಾಣ್ಯಾನ ನೆನಸಿದೆ;
ಅವನ ಲೆಕ್ಕಾ ಖರೇನ ಇತ್ತು,
ತಿಂಗಳು ನೋಡಬೇಕಿತ್ತು ಅಷ್ಟ.

ಈಗ ಮೋದಿನಸಾಬ ದಿನಾ ಹರ್ಯಾಗೆದ್ದು
ಚಾ ಕಿಟ್ಲಿಯಾಗ ನೀರು ಕಾಸಿ ತರತಾನ.
ಬಾನೆಟ್ ಎತ್ತಿ, ಅದೇ ವಸ್ತ್ರ ಅದ್ದಿ
ನಾ ಮಾಡಿದ ಕೊಳವಿಗೆ ಸುತ್ತತಾನ.
ಹಬಿ ಏಳತೈತಿ.
ಅದರ ಮ್ಯಾಲೆ ಎರಡೂ ಅಂಗೈ ಇಟ್ಟು ನಿಂದರತಾನ,
ಚಾವಿ ತಿರುವೂ ಅವಸರಿಲ್ಲದ.